ಯುರೋಪಿನ ರೈಲು ಪಾಸ್: ಯಾವ ದಿನ ಗೊತ್ತು ಮಾಡಿಕೊಳ್ಳಬೇಕು, ಯಾವ ದಿನ ಖಾಲಿ ಬಿಡಬೇಕು

ತುಮಕೂರಿನ ಎಷ್ಟೋ ಮನೆಗಳ ಮಕ್ಕಳು ಈಗ ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಇದ್ದಾರೆ. ಓದಲು ಹೋದವರು ಅಲ್ಲೇ ಕೆಲಸ ಹಿಡಿದಿದ್ದಾರೆ. ಬೇಸಿಗೆ ಬಂದರೆ ಅಪ್ಪ ಅಮ್ಮ ಅವರನ್ನು ನೋಡಲು ಹೊರಡುತ್ತಾರೆ. ಹೇಗೂ ಅಷ್ಟು ದೂರ ಹೋಗುತ್ತೇವೆ, ಅಕ್ಕಪಕ್ಕದ ನಾಲ್ಕು ದೇಶ ನೋಡಿ ಬರೋಣ ಅನ್ನಿಸುತ್ತದೆ. ಆಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ರೈಲು ಪಾಸ್ ತೆಗೆದುಕೊಂಡರೆ ಎಲ್ಲಿಗೆ ಬೇಕಾದರೂ ಹತ್ತಿ ಹೋಗಬಹುದಂತೆ, ಹೌದಾ?

ಅರ್ಧ ಹೌದು. ಕೆಲವು ದೇಶಗಳಲ್ಲಿ ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಮನಸ್ಸು ಬಂದ ಊರಿಗೆ ಹೊರಡಬಹುದು. ಇನ್ನು ಕೆಲವು ದೇಶಗಳ ವೇಗದ ರೈಲುಗಳಿಗೆ ಪಾಸ್ ಇದ್ದರೂ ಸೀಟು ಕಾಯ್ದಿರಿಸದೆ ಹತ್ತುವಂತಿಲ್ಲ. ಆದ್ದರಿಂದ ಎಷ್ಟು ಪ್ಲಾನ್ ಮಾಡಬೇಕು ಅನ್ನುವುದನ್ನು ನಿಮ್ಮ ಸ್ವಭಾವ ನೋಡಿ ತೀರ್ಮಾನಿಸಬೇಡಿ. ಹೋಗುವ ದೇಶದ ರೈಲು ಯಾವ ಥರದ್ದು ಎಂದು ನೋಡಿ ತೀರ್ಮಾನಿಸಿ.

ಸೀಸನ್ ಪಾಸ್ ಹಿಡಿದು ಬೆಂಗಳೂರಿಗೆ ಓಡಾಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕ್ಯಾತ್ಸಂದ್ರ, ದಾಬಸ್‌ಪೇಟೆ, ಚಿಕ್ಕಬಾಣಾವರ ದಾಟಿ ಯಶವಂತಪುರಕ್ಕೆ ದಿನಾ ಹೋಗುವವರ ಪಾಸ್ ಹತ್ತುವ ಹಕ್ಕು ಕೊಡುತ್ತದೆ, ಕೂರುವ ಸೀಟು ಕೊಡುವುದಿಲ್ಲ. ರಿಸರ್ವ್ ಆದ ಬೋಗಿಗೆ ಅದು ನಡೆಯುವುದಿಲ್ಲ. ಸೂಪರ್‌ಫಾಸ್ಟ್ ರೈಲಾದರೆ ಮೇಲೆ ಹಣ ಕಟ್ಟಬೇಕು. ಯುರೋಪಿನ ಪಾಸ್ ಕೂಡ ಹೀಗೇ. ಇದೊಂದು ನೆನಪಿಟ್ಟುಕೊಂಡರೆ ಮುಂದಿನದ್ದೆಲ್ಲ ಸುಲಭ.

ಮೊದಲ ಹಂತ: ಯಾರಿಗೆ ಯಾವ ಪಾಸ್

ಭಾರತದಿಂದ ಹೋಗುವ ನಮಗೆ ಸಿಗುವುದು ಯೂರೇಲ್ ಪಾಸ್. ಯುರೋಪಿನಲ್ಲೇ ನೆಲೆಸಿರುವ ಮಕ್ಕಳಿಗೆ ಸಿಗುವುದು ಇಂಟರ್‌ರೇಲ್ ಪಾಸ್. ಎರಡೂ ಹೆಚ್ಚುಕಡಿಮೆ ಒಂದೇ ಥರ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಇಂಟರ್‌ರೇಲ್‌ನಲ್ಲಿ ತಾವು ವಾಸಿಸುವ ದೇಶದೊಳಗೆ, ಗಡಿಯಾಚೆ ಹೋಗಲು ಒಂದು ಪ್ರಯಾಣ, ವಾಪಸ್ ಬರಲು ಒಂದು ಪ್ರಯಾಣ, ಅಷ್ಟೇ. ಅಂದರೆ ಜರ್ಮನಿಯಲ್ಲಿರುವ ಮಗಳು ನಿಮ್ಮ ಜೊತೆ ಮ್ಯೂನಿಕ್‌ನಿಂದ ಬರ್ಲಿನ್‌ಗೆ, ಅಲ್ಲಿಂದ ಹ್ಯಾಂಬರ್ಗ್‌ಗೆ ಅಂತ ತನ್ನ ಪಾಸ್‌ನಲ್ಲಿ ಸುತ್ತಲು ಆಗುವುದಿಲ್ಲ. ನಿಮ್ಮ ಯೂರೇಲ್ ಪಾಸ್‌ಗೆ ಆ ನಿರ್ಬಂಧ ಇಲ್ಲ. ಇಬ್ಬರಿಗೂ ಒಂದೇ ನಿಯಮ ಅಂದುಕೊಂಡು ಟಿಕೆಟ್ ಲೆಕ್ಕ ಹಾಕಬೇಡಿ.

ಯೂರೇಲ್ ಗ್ಲೋಬಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ಇದರಲ್ಲಿ ಎರಡು ಬಗೆ. ಒಂದು, ತಿಂಗಳೊಳಗೆ ನಿಮಗೆ ಬೇಕಾದ 4, 5 ಅಥವಾ 7 ದಿನ. ಇಲ್ಲವೇ ಎರಡು ತಿಂಗಳೊಳಗೆ 10 ಅಥವಾ 15 ದಿನ. ಇನ್ನೊಂದು, 15 ದಿನದಿಂದ 3 ತಿಂಗಳವರೆಗೆ ಬಿಡದೆ ಪ್ರತಿದಿನ. ಮಕ್ಕಳ ಮನೆಯಲ್ಲಿ ಉಳಿದುಕೊಂಡು ಆಗಾಗ ಹೊರಗೆ ಹೋಗಿ ಬರುವವರಿಗೆ ಮೊದಲ ಬಗೆಯೇ ಸರಿ. ಪ್ರತಿದಿನದ ಪಾಸ್ ತೆಗೆದುಕೊಂಡರೆ ಮನೆಯಲ್ಲಿ ಕೂತ ದಿನವೂ ಹಣ ಖರ್ಚಾಗುತ್ತಿರುತ್ತದೆ. ಆಗ ಸುಸ್ತಾಗಿದ್ದರೂ ಹೊರಡಬೇಕು ಅನ್ನುವ ಒತ್ತಡ ಶುರುವಾಗುತ್ತದೆ.

60 ದಾಟಿದವರಿಗೂ 12ರಿಂದ 27 ವಯಸ್ಸಿನವರಿಗೂ ರಿಯಾಯಿತಿ ಇದೆ. 4ರಿಂದ 11 ವರ್ಷದ ಮೊಮ್ಮಕ್ಕಳಿದ್ದರೆ ಒಬ್ಬ ದೊಡ್ಡವರ ಜೊತೆ ಇಬ್ಬರಿಗೆ ಉಚಿತ ಪಾಸ್ ಸಿಗುತ್ತದೆ. ಉಚಿತವಾದರೂ ಅವರ ಹೆಸರಿನಲ್ಲಿ ಪಾಸ್ ಮಾಡಿಸಲೇಬೇಕು. ವರ್ಷದಲ್ಲಿ ಆಗಾಗ ಪಾಸ್ ಬೆಲೆ ಇಳಿಸುವ ಕೊಡುಗೆಗಳು ಬರುತ್ತವೆ. ಕೊಂಡ ಮೇಲೆ 11 ತಿಂಗಳೊಳಗೆ ಶುರು ಮಾಡಿದರೆ ಸಾಕು.

ಎರಡನೇ ಹಂತ: ಪಾಸ್ ನಿಜವಾಗಿ ಬೇಕಾ?

ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಎರಡೇ ಎರಡು ದೂರದ ಪ್ರಯಾಣ ಇದ್ದು, ತಾರೀಖು ಗಟ್ಟಿಯಾಗಿದ್ದರೆ ಪಾಸ್ ಬೇಡ. ಮುಂಚಿತವಾಗಿ ಬುಕ್ ಮಾಡಿದರೆ ಜರ್ಮನಿ, ಆಸ್ಟ್ರಿಯಾ, ಇಟಲಿಗಳಲ್ಲಿ ಟಿಕೆಟ್ ಬಹಳ ಅಗ್ಗಕ್ಕೆ ಸಿಗುತ್ತದೆ. ಆದರೆ ಆ ಅಗ್ಗದ ಟಿಕೆಟ್ ಸಾಮಾನ್ಯವಾಗಿ ಒಂದೇ ರೈಲಿಗೆ ಕಟ್ಟುಬಿದ್ದಿರುತ್ತದೆ. ನೀವು ತಡವಾಗಿ ಬಂದು ರೈಲು ತಪ್ಪಿದರೆ ಟಿಕೆಟ್ ಹೋದಂತೆಯೇ. ಪಾಸ್‌ಗೆ ನೀವು ಕೊಡುವ ಹೆಚ್ಚಿನ ಹಣ ಈ ಕಟ್ಟು ಬಿಡಿಸಿಕೊಳ್ಳಲು. ಹತ್ತೂವರೆಯ ರೈಲು ಹೋದರೆ ಹನ್ನೊಂದೂವರೆಯದ್ದು ಹತ್ತುತ್ತೀರಿ. ದಾರಿಯಲ್ಲಿ ಒಂದು ಊರು ಚೆಂದ ಕಂಡರೆ ಇಳಿಯುತ್ತೀರಿ. ಈ ಸ್ವಾತಂತ್ರ್ಯ ಬಳಸುವ ಯೋಚನೆ ಇಲ್ಲದಿದ್ದರೆ ಅದಕ್ಕೆ ದುಡ್ಡು ಕೊಡಬೇಡಿ.

ಒಂದು ಹಾಳೆ ತೆಗೆದುಕೊಳ್ಳಿ. ದೂರದ ಪ್ರಯಾಣಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಆಯಾ ದೇಶದ ರೈಲ್ವೆ ಆ್ಯಪ್‌ನಲ್ಲಿ ಕಾಣುವ ಎರಡು ದರ ಬರೆಯಿರಿ: ಎರಡು ತಿಂಗಳ ಮುಂಚಿನ ಅಗ್ಗದ ದರ, ಅದೇ ದಿನ ಕೊಂಡರೆ ಆಗುವ ದರ. ಪಾಸ್ ಬೆಲೆಯನ್ನು ದಿನಗಳಿಂದ ಭಾಗಿಸಿ, ಕಾಯ್ದಿರಿಸುವ ಖರ್ಚು ಸೇರಿಸಿ. ಆ ಮೊತ್ತ ಎರಡು ದರಗಳ ನಡುವೆ ಬಂದರೆ ಪಾಸ್ ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ. ಅದೇ ದಿನದ ದರಕ್ಕಿಂತ ಜಾಸ್ತಿ ಬಂದರೆ ಬಿಟ್ಟುಬಿಡಿ.

ಜರ್ಮನಿಯಲ್ಲೇ ತಿರುಗಾಡುವವರಿಗೆ ಇನ್ನೊಂದು ದಾರಿ ಇದೆ, ಡಾಯ್ಚ್‌ಲ್ಯಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. ಆಮೇಲೆ ಬೆಲೆ ಏರಿದೆ. ಇಡೀ ತಿಂಗಳು ದೇಶದ ಎಲ್ಲ ಸ್ಥಳೀಯ ರೈಲು, ಬಸ್ಸು, ಟ್ರಾಮ್, ಮೆಟ್ರೋಗಳಿಗೆ ನಡೆಯುತ್ತದೆ. ಐಸಿಇ, ಐಸಿ ಥರದ ವೇಗದ ರೈಲಿಗೆ ನಡೆಯುವುದಿಲ್ಲ. ಇದು ಚಂದಾ ಥರ, ತಾನಾಗಿಯೇ ಮುಂದುವರಿಯುತ್ತದೆ. ಬೇಡವಾದರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಒಂದೇ ದಿನದ ಓಡಾಟಕ್ಕಾದರೆ ರಾಜ್ಯವಾರು ದಿನದ ಟಿಕೆಟ್‌ಗಳಿವೆ. ಬವೇರಿಯಾದ ಬಯರ್ನ್ ಟಿಕೆಟ್‌ನಲ್ಲಿ ಐದು ಜನರವರೆಗೆ ಒಟ್ಟಿಗೆ ಹೋಗಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ನಡೆಯುತ್ತದೆ. ಗಡಿಯಾಚೆಯ ಸಾಲ್ಜ್‌ಬರ್ಗ್‌ವರೆಗೂ ಅದರಲ್ಲೇ ಹೋಗಿ ಬರಬಹುದು. ಇಂಥ ಹತ್ತಿರದ ಊರಿಗೆ ಯೂರೇಲ್‌ನ ಒಂದು ದಿನ ಸುಡುವುದು ನಷ್ಟ.

ಸ್ವಿಟ್ಜರ್‌ಲ್ಯಾಂಡ್ ಒಂದನ್ನೇ ನಿಧಾನವಾಗಿ ನೋಡುವವರಿಗೆ ಸ್ವಿಸ್ ಟ್ರಾವೆಲ್ ಪಾಸ್ ಚೆನ್ನಾಗಿರುತ್ತದೆ. ರೈಲಿನ ಜೊತೆ ಬಸ್ಸು, ದೋಣಿ, ಊರೊಳಗಿನ ಟ್ರಾಮ್ ಎಲ್ಲ ಅದರಲ್ಲಿ ಸೇರಿದೆ.

ಮೂರನೇ ಹಂತ: ನಕ್ಷೆಗೆ ಎರಡು ಬಣ್ಣ

ಈ ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಯುರೋಪಿನ ನಕ್ಷೆ ಪ್ರಿಂಟ್ ತೆಗೆದು, ನೀವು ಹೋಗುವ ದಾರಿಗಳಿಗೆ ಬಣ್ಣ ಹಚ್ಚಿ.

ಹಸಿರು: ಸೀಟು ಕಾಯ್ದಿರಿಸುವುದು ಕಡ್ಡಾಯವಲ್ಲ. ಜರ್ಮನಿಯೊಳಗಿನ ಐಸಿಇ, ಆಸ್ಟ್ರಿಯಾದ ರೇಲ್‌ಜೆಟ್, ಸ್ವಿಟ್ಜರ್‌ಲ್ಯಾಂಡಿನ ಮಾಮೂಲಿ ರೈಲುಗಳು, ನೆದರ್‌ಲ್ಯಾಂಡ್ಸ್, ಬೆಲ್ಜಿಯಂನ ಒಳನಾಡಿನ ರೈಲುಗಳು ಇದರಲ್ಲಿ ಬರುತ್ತವೆ. ಫ್ರಾನ್ಸಿನ ಟಿಇಆರ್, ಇಟಲಿಯ ರೆಜಿಯೊನಾಲೆ ಥರದ ನಿಧಾನದ ರೈಲುಗಳೂ ಸಾಮಾನ್ಯವಾಗಿ ಇದೇ ಗುಂಪು.

ಕೆಂಪು: ಕಡ್ಡಾಯ. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚಾರೊಸಾ, ಸ್ಪೇನಿನ ಎವಿಇ, ಲಂಡನ್ನಿಗೆ ಹೋಗುವ ಯೂರೋಸ್ಟಾರ್, ಜೊತೆಗೆ ಬಹುತೇಕ ರಾತ್ರಿ ರೈಲುಗಳು. ಫ್ರಾನ್ಸ್, ಇಟಲಿ, ಸ್ಪೇನಿನ ಒಳಗೆ ಒಂದು ಸೀಟಿಗೆ ಸುಮಾರು 10ರಿಂದ 20 ಯೂರೋ ಮೇಲೆ ಕೊಡಬೇಕು. ಯೂರೋಸ್ಟಾರ್‌ಗೆ ಇನ್ನೂ ಜಾಸ್ತಿ. ರಾತ್ರಿ ರೈಲಿನಲ್ಲಿ ಮಲಗುವ ಬರ್ತ್‌ಗೆ ಬೇರೆ ದರ. ಟಿಜಿವಿ ಮತ್ತು ಯೂರೋಸ್ಟಾರ್‌ನಲ್ಲಿ ಪಾಸ್ ಇರುವವರಿಗೆ ಮೀಸಲಿಟ್ಟ ಸೀಟು ಇಂತಿಷ್ಟೇ. ರೈಲಿನಲ್ಲಿ ಜಾಗ ಇದ್ದರೂ ಆ ಪಾಲು ಮುಗಿದರೆ ನಿಮಗೆ ಸಿಗುವುದಿಲ್ಲ. ಜರ್ಮನಿಯಿಂದ ಪ್ಯಾರಿಸ್‌ಗೆ ಹೋಗುವ ವೇಗದ ರೈಲುಗಳಿಗೂ ಕಾಯ್ದಿರಿಸಲೇಬೇಕು.

ಈಗ ನಕ್ಷೆ ನೋಡಿ. ಕೆಂಪು ದಾರಿ ಜಾಸ್ತಿ ಇದ್ದರೆ ನಿಮ್ಮದು ಪ್ಲಾನ್ ಮಾಡಲೇಬೇಕಾದ ಪ್ರವಾಸ. ಮನಸ್ಸು ಬಂದಾಗ ಹೊರಡುವ ಆಸೆ ಇದ್ದರೆ ಹಸಿರು ದೇಶಗಳ ಕಡೆಗೇ ದಾರಿ ತಿರುಗಿಸಿ. ನನ್ನನ್ನು ಕೇಳಿದರೆ ಮೊದಲ ಸಲ ಪಾಸ್ ಹಿಡಿಯುವವರು ಪ್ಯಾರಿಸ್, ರೋಮ್, ಬಾರ್ಸಿಲೋನಾ ಮೂರನ್ನೂ ಒಂದೇ ಪಾಸ್‌ಗೆ ತುರುಕಬಾರದು. ಹಾಗೆ ಮಾಡಿದರೆ ಸೀಟು ಹುಡುಕುವುದರಲ್ಲೇ ಪ್ರವಾಸ ಮುಗಿಯುತ್ತದೆ.

ಒಂದು ಒಳ್ಳೆಯ ಹಸಿರು ದಾರಿ ಹೇಳುತ್ತೇನೆ. ಮ್ಯೂನಿಕ್‌ನಿಂದ ವಿಯೆನ್ನಾಗೆ ರೇಲ್‌ಜೆಟ್, ಸುಮಾರು 4 ಗಂಟೆ. ಅಲ್ಲಿಂದ ಸಾಲ್ಜ್‌ಬರ್ಗ್, ಇನ್ಸ್‌ಬ್ರುಕ್ ಮೂಲಕ ಜ್ಯೂರಿಕ್. ಜ್ಯೂರಿಕ್‌ನಿಂದ ಕೂರ್, ಸೇಂಟ್ ಮೊರಿಟ್ಜ್ ದಾಟಿ ಇಟಲಿಯ ಟಿರಾನೊ. ಈ ಕೊನೆಯ ಭಾಗ ಬರ್ನಿನಾ ಮಾರ್ಗ. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಹಳಿ ಇದು. ರೈಲು 2253 ಮೀಟರ್ ಎತ್ತರ ಹತ್ತಿ, ಆಚೆ ಕಡೆ ತಾಳೆ ಮರಗಳಿರುವ ಊರಿಗೆ ಇಳಿಯುತ್ತದೆ. ದೊಡ್ಡ ಗಾಜಿನ ಬರ್ನಿನಾ ಎಕ್ಸ್‌ಪ್ರೆಸ್‌ಗೆ ಕಾಯ್ದಿರಿಸುವುದು ಕಡ್ಡಾಯ, ಮೇಲೆ ಹಣವೂ ಬೇಕು. ಆದರೆ ಅದೇ ಹಳಿಯ ಮೇಲೆ, ಅದೇ ಹಿಮ, ಅದೇ ಸೇತುವೆ ದಾಟುತ್ತ ಮಾಮೂಲಿ ಸ್ಥಳೀಯ ರೈಲು ಓಡುತ್ತದೆ. ಅದಕ್ಕೆ ಪಾಸ್ ಒಂದೇ ಸಾಕು. ನಡುವಿನ ಯಾವ ನಿಲ್ದಾಣದಲ್ಲಾದರೂ ಇಳಿದು ಮುಂದಿನ ರೈಲಿಗೆ ಹತ್ತಬಹುದು. ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರಿಗೆ ಈ ಅವಕಾಶ ಇಲ್ಲ. ಟಿರಾನೊದಿಂದ ಮಿಲಾನ್‌ಗೆ ಮತ್ತೆ ಸ್ಥಳೀಯ ರೈಲು. ಮಿಲಾನ್‌ವರೆಗೆ ಒಂದು ಸೀಟನ್ನೂ ಕಾಯ್ದಿರಿಸದೆ ಬಂದಿರಿ, ಅಲ್ವಾ? ಅಲ್ಲಿಂದ ರೋಮ್‌ಗೆ ಬೇಗ ಹೋಗಬೇಕೆಂದರೆ ಮಾತ್ರ ಕೆಂಪು ಶುರು.

ನಾಲ್ಕನೇ ಹಂತ: ವೀಸಾ ಮೊದಲು, ಪಾಸ್ ಆಮೇಲೆ

ಯುರೋಪಿನ ಯುವಕರ ಹಾಗೆ ಬ್ಯಾಗ್ ಹೆಗಲಿಗೆ ಹಾಕಿ ಹೊರಡಲು ನಮಗೆ ಆಗದಿರುವ ಕಾರಣ ಇದು. ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಎಲ್ಲಿಗೆ, ಯಾವಾಗ, ಎಲ್ಲಿ ತಂಗುತ್ತೀರಿ ಎಂದು ತೋರಿಸಬೇಕು. ಅರ್ಜಿಯನ್ನು ಹೊರಡುವ 6 ತಿಂಗಳ ಮುಂಚಿನಿಂದ ಹಾಕಬಹುದು. 15 ದಿನಕ್ಕಿಂತ ಕಡಿಮೆ ಉಳಿದಾಗ ಹಾಕುವಂತಿಲ್ಲ. ನಮ್ಮ ಕಡೆಯವರು ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಬೇಕು. ಬೇಸಿಗೆ ರಜೆ ಹೊತ್ತಿಗೆ ಅಲ್ಲಿ ದಿನ ಸಿಗುವುದೇ ಕಷ್ಟ, ಆದ್ದರಿಂದ ಬೇಗ ನೋಡಿ. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ.

ಜಾಸ್ತಿ ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಜರ್ಮನಿಯಲ್ಲಿ ಮಗನ ಮನೆಯೇ ನಿಮ್ಮ ನೆಲೆಯಾದರೆ ಜರ್ಮನಿ. ಮಗ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ನಿಮ್ಮ ಖರ್ಚಿನ ಹೊಣೆ ಹೊರುವ ಪತ್ರ ಮಾಡಿಸಿ ಕಳಿಸಿದರೆ ಅರ್ಜಿಗೆ ಬಲ ಬರುತ್ತದೆ. ಹೀಗೆ ಒಂದು ಮನೆಯನ್ನು ನೆಲೆ ಮಾಡಿಕೊಂಡರೆ ಸುತ್ತಾಟದ ದಿನಗಳನ್ನು ಸ್ವಲ್ಪ ಸಡಿಲವಾಗಿ ಬಿಡಬಹುದು. ಪ್ಲಾನ್ ನಿಜವಾಗಿರಲಿ. ಅರ್ಜಿಯಲ್ಲಿ ಜರ್ಮನಿ ಬರೆದು ಇಡೀ ರಜೆ ಇಟಲಿಯಲ್ಲಿ ಕಳೆಯುವುದು ಬೇಡ. ನಡುವೆ ಒಂದು ಊರು ಬದಲಾಯಿತು, ಒಂದು ದಿನ ಆಚೀಚೆ ಆಯಿತು ಅನ್ನುವುದು ಬೇರೆ ವಿಷಯ.

ಲಂಡನ್ ಆಸೆ ಇದ್ದವರು ಗಮನಿಸಿ. ಬ್ರಿಟನ್ ಯೂರೇಲ್ ಪಾಸ್‌ನಲ್ಲಿದೆ, ಷೆಂಗೆನ್‌ನಲ್ಲಿ ಇಲ್ಲ. ಅದಕ್ಕೆ ಬೇರೆ ವೀಸಾ ಬೇಕು. ವಾಪಸ್ ಯುರೋಪಿಗೆ ಬರಲು ನಿಮ್ಮ ಷೆಂಗೆನ್ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಒಳಬರುವ ಅನುಮತಿಯೂ ಇರಬೇಕು.

ವೀಸಾ ಕೈಗೆ ಬಂದ ಮೇಲೆ ಪಾಸ್ ಕೊಳ್ಳಿ. ಅದು ಮೊಬೈಲ್‌ಗೇ ಬರುವುದರಿಂದ ತಡವಾಗುವ ಚಿಂತೆ ಇಲ್ಲ. ಪಾಸ್ ಕೊಂಡ ತಕ್ಷಣ ಕೆಂಪು ದಾರಿಯ ಸೀಟುಗಳನ್ನು ಕಾಯ್ದಿರಿಸಿ. ಒಂದು ಕೆಂಪು ರೈಲಿಗೂ ಅದರ ಹಿಂದಿನ ರೈಲಿಗೂ ನಡುವೆ ಧಾರಾಳವಾಗಿ ಸಮಯ ಇಡಿ. ಜರ್ಮನಿಯ ದೂರದ ರೈಲುಗಳು ತಡವಾಗುವುದು ಮಾಮೂಲು. ಹತ್ತಿಪ್ಪತ್ತು ನಿಮಿಷದ ಅಂತರ ನಂಬಿಕೊಳ್ಳಬೇಡಿ. ವಯಸ್ಸಾದವರಿದ್ದರೆ ಹಿಂದಿನ ರಾತ್ರಿಯೇ ಆ ಊರು ಸೇರಿ ಮಲಗುವುದು ಮೇಲು.

ಐದನೇ ಹಂತ: ಖಾಲಿ ದಿನಗಳು

ಇಲ್ಲಿ ನನ್ನ ಮನಸ್ಸಿನ ಮಾತು ಹೇಳಬೇಕು. ಮಕ್ಕಳ ಮನೆಗೆ ಹೋದ ಎಷ್ಟೋ ಹಿರಿಯರು ಸೋಮವಾರದಿಂದ ಶುಕ್ರವಾರದವರೆಗೆ ಅಪಾರ್ಟ್‌ಮೆಂಟಿನಲ್ಲೇ ಕೂರುತ್ತಾರೆ. ಶನಿವಾರ ಮಕ್ಕಳಿಗೆ ರಜೆ ಸಿಕ್ಕಾಗ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಆಗ ಊರೆಲ್ಲ ರೈಲಿನಲ್ಲಿರುತ್ತದೆ. ಶುಕ್ರವಾರ ಸಂಜೆ, ಭಾನುವಾರ ಸಂಜೆ ರೈಲುಗಳು ತುಂಬಿ ತುಳುಕುತ್ತವೆ. ಮಂಗಳವಾರ, ಬುಧವಾರ ಬೆಳಿಗ್ಗೆ ಹತ್ತು ಗಂಟೆಯ ರೈಲಿನಲ್ಲಿ ನೆಮ್ಮದಿಯಾಗಿ ಕೂತು ಹೋಗಬಹುದು. ಆ ದಿನಗಳೇ ನಿಮ್ಮ ಖಾಲಿ ದಿನಗಳು. ಇಬ್ಬರೇ ಹೊರಡಿ. ತುಮಕೂರಿನಲ್ಲಿ ಒಬ್ಬರೇ ಎಲ್ಲ ಕೆಲಸ ನಿಭಾಯಿಸಿದವರು ನೀವು, ಅಲ್ಲಿಯೂ ಆಗುತ್ತದೆ. ಫಲಕಗಳು ಸ್ಪಷ್ಟವಾಗಿವೆ, ಆ್ಯಪ್ ಪ್ಲಾಟ್‌ಫಾರ್ಮ್ ಸಂಖ್ಯೆ ಸಮೇತ ತೋರಿಸುತ್ತದೆ.

ಬೆಟ್ಟದ ದಿನವನ್ನಂತೂ ಮೊದಲೇ ಗೊತ್ತು ಮಾಡಬೇಡಿ. ಸ್ವಿಟ್ಜರ್‌ಲ್ಯಾಂಡಿನ ಯುಂಗ್‌ಫ್ರಾವ್‌ಯೋಖ್ ನಿಲ್ದಾಣ 3454 ಮೀಟರ್ ಎತ್ತರದಲ್ಲಿದೆ. ಮೇಲಕ್ಕೆ ಹತ್ತುವ ರೈಲಿಗೆ ಯೂರೇಲ್ ಪಾಸ್‌ನಲ್ಲಿ ರಿಯಾಯಿತಿ ಮಾತ್ರ ಇದೆ, ಟಿಕೆಟ್ ದುಬಾರಿ. ಅಷ್ಟು ಕೊಟ್ಟು ಹತ್ತಿದ ದಿನ ಮೋಡ ಕವಿದಿದ್ದರೆ ಬರೀ ಬಿಳಿ ಗೋಡೆ ನೋಡಿ ಇಳಿಯಬೇಕು. ಬೆಳಿಗ್ಗೆ ಎದ್ದು ಬೆಟ್ಟದ ಮೇಲಿನ ಕ್ಯಾಮೆರಾದ ನೇರ ದೃಶ್ಯ ನೋಡಿ. ಬಿಸಿಲಿದ್ದರೆ ಬೆಟ್ಟ, ಮಳೆಯಿದ್ದರೆ ಲೂಸರ್ನ್ ಅಥವಾ ಬರ್ನ್ ಊರು. ಬೆಟ್ಟದ ಬುಡದ ಕಡೆಗಾಗಲಿ ಈ ಊರುಗಳಿಗಾಗಲಿ ಪಾಸ್ ಒಯ್ಯುತ್ತದೆ.

ಖಾಲಿ ದಿನಕ್ಕೆ ರೈಲು ಸಿಗುವುದು ಕಷ್ಟವಲ್ಲ, ರಾತ್ರಿ ತಂಗಲು ಕೋಣೆ ಸಿಗುವುದು ಕಷ್ಟ. ಜುಲೈ, ಆಗಸ್ಟ್‌ನಲ್ಲಿ ಅದೇ ದಿನ ಹುಡುಕಿದರೆ ದುಬಾರಿ. ಇದಕ್ಕೆ ಉಪಾಯವೆಂದರೆ ಒಂದೇ ಊರಿನಲ್ಲಿ ಮೂರ್ನಾಲ್ಕು ರಾತ್ರಿ ತಂಗಿ, ಅಲ್ಲಿಂದ ದಿನಕ್ಕೊಂದು ಕಡೆ ಹೋಗಿ ಬರುವುದು. ಕೋಣೆ ಪ್ಲಾನ್ ಆಗಿರುತ್ತದೆ, ಹಗಲು ಮಾತ್ರ ಖಾಲಿ. ರದ್ದು ಮಾಡಿದರೆ ಹಣ ವಾಪಸ್ ಬರುವ ಕೋಣೆಯನ್ನೇ ಬುಕ್ ಮಾಡಿ.

ಆರನೇ ಹಂತ: ಆ್ಯಪ್ ಬಳಸುವ ರೀತಿ

ಪಾಸ್ ಇರುವುದು ರೇಲ್ ಪ್ಲಾನರ್ ಅನ್ನುವ ಆ್ಯಪ್‌ನಲ್ಲಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಪ್ರಯಾಣದ ವೇಳೆ ಪಾಸ್‌ಪೋರ್ಟ್ ಜೊತೆಯಲ್ಲೇ ಇರಬೇಕು. ರೈಲು ಹತ್ತುವ ಮುಂಚೆ ಆ ರೈಲನ್ನು ಆ್ಯಪ್‌ನಲ್ಲಿ ಸೇರಿಸಿ, ಪಾಸ್‌ಗೆ ಜೋಡಿಸಬೇಕು. ಆಗ ಆ ದಿನ ಶುರುವಾಗಿ ಕ್ಯೂಆರ್ ಕೋಡ್ ಬರುತ್ತದೆ. ಟಿಕೆಟ್ ನೋಡುವವರು ಬಂದ ಮೇಲೆ ಸೇರಿಸಲು ಹೊರಟರೆ ದಂಡ ಬೀಳಬಹುದು. ಕನಿಷ್ಠ ಮೂರು ದಿನಕ್ಕೊಮ್ಮೆ ಆ್ಯಪ್ ಇಂಟರ್ನೆಟ್‌ಗೆ ಸೇರಬೇಕು. ಪವರ್ ಬ್ಯಾಂಕ್ ಮರೆಯಬೇಡಿ.

ಒಂದು ದಿನ ಅಂದರೆ ಮಧ್ಯರಾತ್ರಿ 12ರಿಂದ ಮರುದಿನ ಮಧ್ಯರಾತ್ರಿ 12ರವರೆಗೆ. ಅಷ್ಟರಲ್ಲಿ ಎಷ್ಟು ರೈಲು ಬೇಕಾದರೂ ಹತ್ತಬಹುದು. ರಾತ್ರಿ ರೈಲಿಗೆ ಹತ್ತಿದ ದಿನ ಮಾತ್ರ ಲೆಕ್ಕಕ್ಕೆ. ಸೋಮವಾರ ರಾತ್ರಿ ವಿಯೆನ್ನಾದಲ್ಲಿ ಹತ್ತಿ ಮಂಗಳವಾರ ಬೆಳಿಗ್ಗೆ ಜ್ಯೂರಿಕ್‌ನಲ್ಲಿ ಇಳಿದರೆ ಸೋಮವಾರವಷ್ಟೇ ಖರ್ಚು. ಮಂಗಳವಾರ ಅಲ್ಲಿಂದ ಇನ್ನೊಂದು ರೈಲು ಹಿಡಿದರೆ ಮಂಗಳವಾರವೂ ಖರ್ಚು. ಮರುದಿನಕ್ಕೆ ಹಾಕಿಟ್ಟ ಪ್ರಯಾಣ ಬೇಡವಾದರೆ ಆ ದಿನ ಶುರುವಾಗುವ ಮುಂಚೆ ತೆಗೆದುಹಾಕಿ, ದಿನ ಉಳಿಯುತ್ತದೆ. ಇದಕ್ಕೇ ರಾತ್ರಿ ಮಲಗುವ ಮುಂಚೆ ಒಮ್ಮೆ ಆ್ಯಪ್ ನೋಡುವ ಅಭ್ಯಾಸ ಒಳ್ಳೆಯದು.

ಊರೊಳಗಿನ ಮೆಟ್ರೋ, ಟ್ರಾಮ್, ಬಸ್ಸುಗಳಿಗೆ ಪಾಸ್ ಸಾಮಾನ್ಯವಾಗಿ ನಡೆಯುವುದಿಲ್ಲ. ಜರ್ಮನಿಯಲ್ಲಿ ಎಸ್-ಬಾನ್ ಅನ್ನುವ ಉಪನಗರ ರೈಲಿಗೆ ನಡೆಯುತ್ತದೆ, ಯು-ಬಾನ್ ಅನ್ನುವ ಮೆಟ್ರೋಗೆ ಇಲ್ಲ.

ರೈಲಿನೊಳಗೆ

ಹಸಿರು ರೈಲಿನಲ್ಲಿ ಸೀಟಿನ ಮೇಲಿನ ಪುಟ್ಟ ಪರದೆ ನೋಡಿ. ಎಲ್ಲಿಂದ ಎಲ್ಲಿಗೆ ಕಾಯ್ದಿರಿಸಿದ್ದಾರೆ ಎಂದು ಬರೆದಿರುತ್ತದೆ. ಏನೂ ಇಲ್ಲದ ಸೀಟಿನಲ್ಲಿ ಕೂರಿ. ಮೊಣಕಾಲು ನೋವಿರುವವರು ಹಸಿರು ರೈಲಿನಲ್ಲೂ ಕೆಲವು ಯೂರೋ ಕೊಟ್ಟು ಸೀಟು ಹಿಡಿದಿಡುವುದು ಒಳ್ಳೆಯದು. ಲಗೇಜ್ ನೀವೇ ಎತ್ತಬೇಕು, ಕೂಲಿಯವರು ಸಿಗುವುದಿಲ್ಲ. ಒಬ್ಬರು ಎತ್ತುವಷ್ಟೇ ತೂಕದ ಪೆಟ್ಟಿಗೆ ಒಯ್ಯಿರಿ.

ಊಟಕ್ಕೆ ಚಟ್ನಿಪುಡಿ, ಅವಲಕ್ಕಿ, ಹುರಿಹಿಟ್ಟು ತೆಗೆದುಕೊಂಡು ಹೋಗಿ. ತುಪ್ಪ, ಪೇಡ, ಹಾಲಿನ ಸಿಹಿತಿಂಡಿ ಬೇಡ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪ್ ಒಕ್ಕೂಟ ನಿಷೇಧಿಸಿದೆ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳು ತೆರೆದಿರುತ್ತವೆ, ಹಾಲು, ಮೊಸರು, ಬ್ರೆಡ್ಡು ಅಲ್ಲೇ ಸಿಗುತ್ತದೆ.

ರೈಲು ತಡವಾದರೆ ಗಾಬರಿ ಬೇಡ. ಹಸಿರು ದಾರಿಯಲ್ಲಿ ಮುಂದಿನ ರೈಲನ್ನು ಆ್ಯಪ್‌ಗೆ ಸೇರಿಸಿ ಹತ್ತಿಬಿಡಿ. ಕೆಂಪು ರೈಲು ತಪ್ಪಿದರೆ ನಿಲ್ದಾಣದ ಸಹಾಯ ಕೌಂಟರ್‌ಗೆ ಹೋಗಿ, ಹಿಂದಿನ ರೈಲು ತಡವಾದ ವಿವರ ತೋರಿಸಿ ಬೇರೆ ಸೀಟು ಕೇಳಿ. ಒಂದು ಗಂಟೆಗಿಂತ ಜಾಸ್ತಿ ತಡವಾಗಿದ್ದರೆ ರೈಲಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಆ್ಯಪ್‌ನ ಪರದೆಯ ಚಿತ್ರ ತೆಗೆದಿಡಿ. ಪಾಸ್ ಇರುವವರು ಯೂರೇಲ್‌ಗೇ ಆನ್‌ಲೈನ್ ಅರ್ಜಿ ಹಾಕಿ ಪರಿಹಾರ ಕೇಳಬಹುದು.